ಗಣ, ರಾಶಿ, ಅನಂತ: ಗಣಸಿದ್ಧಾಂತದ ಮುಂದಿನ ದಾರಿ ಮತ್ತು ಕನ್ನಡದ ಪಾಲು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಲಾಗಿದೆ.)



ಕನ್ನಡ ಎಂ.ಎ. ಓದುವವರಿಗೆ ಗಣಸಿದ್ಧಾಂತದ ಗೊಡವೆ ಯಾಕೆ ಅನ್ನೋ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಬಂದಿರುತ್ತೆ. ಮೊದಲು ಅದಕ್ಕೇ ಉತ್ತರ ಕೊಡ್ತೀನಿ. 1973ರಲ್ಲಿ ಲಕ್ಷ್ಮೀಚಂದ್ರ ಜೈನ್ ಅವರು ಜೈನ ಗಣಿತ ಪರಂಪರೆಯಲ್ಲಿ ಗಣಸಿದ್ಧಾಂತ ಎಂಬ ವಿಷಯದ ಮೇಲೆ, ಭಾರತೀಯ ವಿಜ್ಞಾನ ಚರಿತ್ರೆಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದಕ್ಕೂ ಮೊದಲು, 1940ರ ದಶಕದಲ್ಲಿ, ಲಖನೌದ ಅವಧೇಶ ನಾರಾಯಣ ಸಿಂಗ್ ಅವರು ವೀರಸೇನನ 'ಧವಲಾ' ಟೀಕೆಯಲ್ಲಿರುವ ಗಣಿತದ ಬಗ್ಗೆ ಬರೆದಿದ್ದರು. ಆ ಧವಲಾ ಶತಮಾನಗಳ ಕಾಲ ಉಳಿದದ್ದು ಎಲ್ಲಿ? ನಮ್ಮ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ತಾಳೆಗರಿಯ ಮೇಲೆ, ಹಳಗನ್ನಡ ಲಿಪಿಯಲ್ಲಿ. ಭಾಷೆ ಸಂಸ್ಕೃತ ಬೆರೆತ ಪ್ರಾಕೃತ, ಲಿಪಿ ಮಾತ್ರ ಕನ್ನಡ.

ಈ ವಿಷಯ ಎತ್ತಿದ ಕೂಡಲೇ ಎರಡು ಥರದ ಪ್ರತಿಕ್ರಿಯೆ ಬರುತ್ತೆ. ಒಂದು, "ಕ್ಯಾಂಟರ್‌ಗಿಂತ ಸಾವಿರ ವರ್ಷ ಮೊದಲೇ ನಮ್ಮವರು ಎಲ್ಲ ಕಂಡುಹಿಡಿದಿದ್ದರು" ಅನ್ನೋದು. ಇನ್ನೊಂದು, "ಅದು ಧರ್ಮಗ್ರಂಥ, ಅದರಲ್ಲಿ ಗಣಿತ ಹುಡುಕೋದು ಹುಚ್ಚು" ಅನ್ನೋದು. ಎರಡೂ ಕಡೆಯವರು ಸಾಮಾನ್ಯವಾಗಿ ಗ್ರಂಥವನ್ನೂ ಓದಿರೋಲ್ಲ, ಗಣಸಿದ್ಧಾಂತವನ್ನೂ ಓದಿರೋಲ್ಲ. ಈ ಜಗಳ ತೀರಬೇಕಾದರೆ ಇವತ್ತಿನ ಗಣಸಿದ್ಧಾಂತ ಏನು ಕೇಳುತ್ತಿದೆ ಅನ್ನೋದು ಗೊತ್ತಿರಬೇಕು. ಆ ಪ್ರಶ್ನೆ ಗೊತ್ತಾದರೆ ಹಳೆಯ ಗ್ರಂಥಕ್ಕೆ ಏನು ಕೇಳಬೇಕು ಅನ್ನೋದೂ ಗೊತ್ತಾಗುತ್ತೆ. ನನ್ನ ವಾದ ಇಷ್ಟೇ: ಗಣಸಿದ್ಧಾಂತದ ಬಹುಪಾಲು ದೊಡ್ಡ ಪ್ರಶ್ನೆಗಳು "ಜೋಡಿ" ಎಂಬ ಒಂದು ಸರಳ ಕಲ್ಪನೆಯ ಸುತ್ತ ಇವೆ. ಯಾವ ಜೋಡಿ ಒಪ್ಪಿತ, ಯಾವ ಲೋಕದಲ್ಲಿ ಒಪ್ಪಿತ ಅನ್ನೋದೇ ಹಿಂದಿನ ಪ್ರಶ್ನೆ, ಮುಂದಿನದೂ ಅದೇ.

ಪದದಿಂದ ಶುರು ಮಾಡೋಣ

ನಮ್ಮ ಶಾಲೆಯ ಪಠ್ಯಪುಸ್ತಕದಲ್ಲಿ 'ಗಣಗಳು' ಅಂತ ಒಂದು ಪಾಠ ಇರುತ್ತಿತ್ತು. ಉಪಗಣ, ಶೂನ್ಯಗಣ, ಸಂಯೋಗ, ಛೇದನ, ವೆನ್ ನಕ್ಷೆ, ಇವೆಲ್ಲ ನೆನಪಿರಬೇಕು. ನಾನು ಮಾತಾಡ್ತಿರೋದು ತೋಲ್ಪೆಟ್ಟಿಯಿಂದ, ಅಂದ್ರೆ ಕೊಡಗಿನ ಕುಟ್ಟ ದಾಟಿದ ಕೂಡಲೇ ಸಿಗುವ ವಯನಾಡಿನ ಊರಿನಿಂದ. ಗಡಿ ದಾಟಿದರೂ ಈ ಪದ ಬದಲಾಗೋಲ್ಲ. ಮಲಯಾಳದಲ್ಲೂ ಅದು ಗಣಂ. ತಮಿಳಿನಲ್ಲಿ ಕಣಂ. ತೆಲುಗಿಗೆ ಹೋದರೆ ಸಮಿತಿ, ಹಿಂದಿಯಲ್ಲಿ ಸಮುಚ್ಚಯ. 

ಜೈನ ಗ್ರಂಥಗಳು ಇದೇ ಜಾಗದಲ್ಲಿ ಬಳಸುವ ಪದ 'ರಾಶಿ'. ಜೀವಗಳ ಒಟ್ಟು ಜೀವರಾಶಿ, ಕಾಲದ ಅತಿ ಸಣ್ಣ ಘಟಕಗಳ ಒಟ್ಟು ಕಾಲರಾಶಿ. ಕನ್ನಡದ ಒಕ್ಕಲಿಗನಿಗೆ ರಾಶಿ ಅಂದ್ರೆ ಕಣದಲ್ಲಿ ಪೇರಿಸಿದ ಧಾನ್ಯ. ಈ ಎರಡು ಪದಗಳ ಧ್ವನಿ ಬೇರೆ. ಗಣ ಅಂದಾಗ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತೆ, ಶಿವಗಣದ ಹಾಗೆ. ರಾಶಿ ಅಂದಾಗ ಮೊದಲು ಒಟ್ಟು ಕಾಣುತ್ತೆ, ಅದು ಎಷ್ಟು ದೊಡ್ಡದು ಅನ್ನೋದು ಕಾಣುತ್ತೆ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತೆ.

ಎಣಿಸದೆ ಜೋಡಿಸುವುದು

ಕಾಫಿ ಕೊಯ್ಲಿನ ಕಾಲದಲ್ಲಿ ಚೀಲಗಳನ್ನು ಎಣಿಸಬೇಕು ಅಂದುಕೊಳ್ಳಿ. ಎಣಿಕೆ ಬಾರದವನೂ ಒಂದು ಕೆಲಸ ಮಾಡಬಹುದು. ಒಂದೊಂದು ಚೀಲಕ್ಕೆ ಒಂದೊಂದು ಚೀಟಿ ಕಟ್ಟುತ್ತಾ ಹೋಗೋದು. ಚೀಟಿಯೂ ಚೀಲವೂ ಒಟ್ಟಿಗೆ ಮುಗಿದರೆ ಎರಡೂ ಸಮ. ಚೀಟಿ ಉಳಿದರೆ ಚೀಟಿ ಹೆಚ್ಚು. ಸಂಖ್ಯೆಯ ಹೆಸರೇ ಗೊತ್ತಿಲ್ಲದಿದ್ದರೂ ಸಮ ಯಾವುದು, ಹೆಚ್ಚು ಯಾವುದು ಅಂತ ಹೇಳಬಹುದು. ಇದಕ್ಕೆ ಒಂದಕ್ಕೊಂದು ಜೋಡಿಸುವುದು ಅಂತಾರೆ.

ಮುಗಿಯುವ ವಸ್ತುಗಳಲ್ಲಿ ಇದು ಸಲೀಸು. ಮುಗಿಯದ ವಸ್ತುಗಳಿಗೆ ಬಂದಾಗ ಫಜೀತಿ ಶುರುವಾಗುತ್ತೆ. ಒಂದು ಕಡೆ 1, 2, 3, 4 ಎಂದು ಎಲ್ಲ ಸಂಖ್ಯೆಗಳನ್ನು ಇಡಿ. ಇನ್ನೊಂದು ಕಡೆ 2, 4, 6, 8 ಎಂದು ಸಮಸಂಖ್ಯೆಗಳನ್ನು ಮಾತ್ರ ಇಡಿ. 2ಕ್ಕೆ 2, 4ಕ್ಕೆ 4 ಎಂದು ಜೋಡಿಸಿದರೆ ಮೊದಲನೇ ಕಡೆ 1, 3, 5 ಎಲ್ಲ ಉಳಿದುಬಿಡುತ್ತವೆ. ಆದರೆ 1ಕ್ಕೆ 2, 2ಕ್ಕೆ 4, 3ಕ್ಕೆ 6 ಎಂದು ಜೋಡಿಸಿ ನೋಡಿ, ಏನೂ ಉಳಿಯೋಲ್ಲ. ಅದೇ ಎರಡು ಗಣ. ಒಂದು ಜೋಡಣೆಯಲ್ಲಿ ಉಳಿಕೆ ಇದೆ, ಇನ್ನೊಂದರಲ್ಲಿ ಇಲ್ಲ. ಹಾಗಾದರೆ ಹೆಚ್ಚು, ಸಮ ಅನ್ನೋದನ್ನ ತೀರ್ಮಾನಿಸೋದು ಹೇಗೆ?

ಜರ್ಮನಿಯ ಗೇಯಾರ್ಗ್ ಕ್ಯಾಂಟರ್ ಕೊಟ್ಟ ಉತ್ತರ ಇದು: ಯಾವುದಾದರೂ ಒಂದು ರೀತಿಯಲ್ಲಿ ಉಳಿಕೆಯಿಲ್ಲದೆ ಜೋಡಿಸಲು ಆದರೆ ಸಾಕು, ಎರಡೂ ಸಮ. ಹೆಚ್ಚು ಎನ್ನಬೇಕಾದರೆ ಯಾವ ರೀತಿಯಲ್ಲಿ ಪ್ರಯತ್ನಪಟ್ಟರೂ ಉಳಿಕೆ ಇದ್ದೇ ಇರುತ್ತದೆ ಎಂದು ತೋರಿಸಬೇಕು. "ಒಂದು ಸಲ ಉಳಿಯಿತು" ಅಂದರೆ ಸಾಲದು. ದಯವಿಟ್ಟು ಈ ಷರತ್ತನ್ನು ನೆನಪಿಡಿ.

ಮುಗಿಯದ ಪ್ರಸ್ತಾರ

ಹಾಗೆ ಯಾವ ರೀತಿಯಲ್ಲೂ ಜೋಡಿಸಲಾಗದ ಎರಡು ಅನಂತಗಳು ಇವೆಯೇ? ಇವೆ ಅಂತ ಕ್ಯಾಂಟರ್ 1874ರಲ್ಲಿ ತೋರಿಸಿದ. 1891ರಲ್ಲಿ ಇನ್ನೂ ಸರಳವಾದ ವಾದ ಕೊಟ್ಟ. ಅದನ್ನು ಛಂದಸ್ಸಿನ ವಿದ್ಯಾರ್ಥಿಗಳಾದ ನಾವು ನಮ್ಮ ಪರಿಭಾಷೆಯಲ್ಲೇ ಹೇಳಿಕೊಳ್ಳಬಹುದು.

ಅಕ್ಷರಗಣ ಎಂಟು: ಯ, ಮ, ತ, ರ, ಜ, ಭ, ನ, ಸ. ಎಂಟೇ ಯಾಕೆ? ಮೂರು ಸ್ಥಾನ, ಪ್ರತಿ ಸ್ಥಾನದಲ್ಲಿ ಗುರು ಅಥವಾ ಲಘು. ಎರಡು ಗುಣಿಸು ಎರಡು ಗುಣಿಸು ಎರಡು, ಎಂಟು. ಗಣಿತದವರು ಇದನ್ನೇ ಬೇರೆ ಮಾತಲ್ಲಿ ಹೇಳ್ತಾರೆ: ಮೂರು ಅಂಶಗಳ ಗಣಕ್ಕೆ ಎಂಟು ಉಪಗಣಗಳು. ಯಾವ ಸ್ಥಾನದಲ್ಲಿ ಗುರು ಬಂತು ಅನ್ನೋದನ್ನ ಆರಿಸಿದರೆ ಒಂದು ಉಪಗಣ ಆಯ್ತು. ಉತ್ಪಲಮಾಲೆಯ ಒಂದು ಪಾದಕ್ಕೆ 20 ಅಕ್ಷರ. 20 ಅಕ್ಷರದ ಪ್ರಸ್ತಾರ ಹಾಕಿದರೆ 10,48,576 ಸಾಲುಗಳು ಬರುತ್ತವೆ, ಅದರಲ್ಲಿ ಉತ್ಪಲಮಾಲೆ ಒಂದು. ಪ್ರಸ್ತಾರ ಹಾಕೋದು ಬೇಸರದ ಕೆಲಸ, ಆದರೆ ಮುಗಿಯುವ ಕೆಲಸ.

ಈಗ ಒಂದು ಪಾದಕ್ಕೆ ಕೊನೆಯೇ ಇಲ್ಲ ಅಂದುಕೊಳ್ಳಿ. ಗುರು, ಲಘು, ಲಘು, ಗುರು ಎಂದು ಅನಂತವಾಗಿ ಹೋಗುವ ಸಾಲು. ಯಾರೋ ಒಬ್ಬ ಲಾಕ್ಷಣಿಕ ಬಂದು, "ಇಂಥ ಎಲ್ಲ ಸಾಲುಗಳ ಪ್ರಸ್ತಾರ ಹಾಕಿದ್ದೇನೆ, ಇದು ಒಂದನೆಯದು, ಇದು ಎರಡನೆಯದು" ಎಂದು ಒಂದು ಪಟ್ಟಿ ಕೊಡುತ್ತಾನೆ. ಪಟ್ಟಿಯೂ ಅನಂತ, ಅದಕ್ಕೆ ನಮ್ಮ ಅಡ್ಡಿಯಿಲ್ಲ. ನಾವು ಮಾಡುವುದಿಷ್ಟೇ. ಅವನ ಒಂದನೆಯ ಸಾಲಿನ ಒಂದನೆಯ ಅಕ್ಷರ ಗುರುವಾಗಿದ್ದರೆ ನಾವು ಲಘು ಬರೀತೀವಿ, ಲಘುವಾಗಿದ್ದರೆ ಗುರು. ಎರಡನೆಯ ಸಾಲಿನ ಎರಡನೆಯ ಅಕ್ಷರವನ್ನು ಹಾಗೇ ತಿರುವುತ್ತೇವೆ. ಮೂರನೆಯ ಸಾಲಿನ ಮೂರನೆಯದನ್ನು ತಿರುವುತ್ತೇವೆ. ಹೀಗೆ ಓರೆಯಾಗಿ ಇಳಿಯುತ್ತಾ ಹೋದರೆ ನಮಗೆ ಒಂದು ಹೊಸ ಸಾಲು ಸಿಗುತ್ತೆ. ಅದು ಅವನ ಪಟ್ಟಿಯಲ್ಲಿ ಎಲ್ಲೂ ಇಲ್ಲ. ನೂರನೆಯ ಸಾಲು ಅದೇ ಅಲ್ವಾ ಅಂತ ಅವನು ಕೇಳಿದರೆ, ನೂರನೆಯ ಅಕ್ಷರದಲ್ಲಿ ಎರಡಕ್ಕೂ ವ್ಯತ್ಯಾಸ ಇದೆ ಅಂತ ತೋರಿಸಬಹುದು. ಅವನು ಯಾವ ಪಟ್ಟಿ ತಂದರೂ ಇದೇ ಗತಿ. ಯಾವ ರೀತಿ ಜೋಡಿಸಿದರೂ ಉಳಿಕೆ ಇದ್ದೇ ಇರುತ್ತೆ, ಅಂದ್ರೆ ಕ್ಯಾಂಟರ್‌ನ ಷರತ್ತು ಪೂರೈಸಿತು. ಸಂಖ್ಯೆಗಳ ಅನಂತಕ್ಕಿಂತ ಈ ಸಾಲುಗಳ ಅನಂತ ದೊಡ್ಡದು.

ಸಂಖ್ಯೆಗಳ ಅನಂತಕ್ಕೆ ಅಲೆಫ್ ಸೊನ್ನೆ ಅಂತ ಹೆಸರು. ಅದರ ನಂತರದ ಮೆಟ್ಟಿಲು ಅಲೆಫ್ ಒಂದು, ಆಮೇಲೆ ಅಲೆಫ್ ಎರಡು. ನಮ್ಮ ಗುರು-ಲಘು ಸಾಲುಗಳ ಅನಂತ ಯಾವ ಮೆಟ್ಟಿಲಲ್ಲಿದೆ? ತಕ್ಷಣದ ಮುಂದಿನ ಮೆಟ್ಟಿಲಲ್ಲೇ ಇದೆ, ನಡುವೆ ಬೇರೇನೂ ಇಲ್ಲ ಎಂದು ಕ್ಯಾಂಟರ್ 1878ರಲ್ಲಿ ಊಹಿಸಿದ. ಇದೇ ಕಂಟಿನ್ಯೂಮ್ ಊಹೆ. ಕನ್ನಡದಲ್ಲಿ ಸಾತತ್ಯದ ಊಹೆ ಅನ್ನಬಹುದು. 1900ರಲ್ಲಿ ಹಿಲ್ಬರ್ಟ್ ಹೊಸ ಶತಮಾನಕ್ಕೆ ಕೊಟ್ಟ 23 ಸಮಸ್ಯೆಗಳಲ್ಲಿ ಮೊದಲನೆಯದೇ ಇದು.

ವೀರಸೇನ ಮಾಡಿದ್ದೇನು?

ಈಗ ಧವಲಾಕ್ಕೆ ಬರೋಣ. ಷಟ್ಖಂಡಾಗಮದ ಮೇಲೆ ವೀರಸೇನ ಬರೆದ ಟೀಕೆ ಇದು. ಕಾಲ ಸಾಮಾನ್ಯವಾಗಿ ಕ್ರಿ.ಶ. 816 ಎಂದು ಹೇಳುತ್ತಾರೆ, ಅಂದ್ರೆ ರಾಷ್ಟ್ರಕೂಟರ ಕಾಲ. ಅವನ ಶಿಷ್ಯ ಜಿನಸೇನ ಅಮೋಘವರ್ಷ ನೃಪತುಂಗನಿಗೆ ಗುರುವಾಗಿದ್ದವನು. 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯನೂ ಅದೇ ಆಸ್ಥಾನದ ಕಾಲದವನು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ 1939ರಿಂದ ಅಚ್ಚಾಗಿ ಹೊರಬಂತು. ಅಲ್ಲಿಯವರೆಗೆ ಹೊರಗಿನ ವಿದ್ವಾಂಸರಿಗೆ ಅದು ಹೆಸರಷ್ಟೇ.

ಅದರಲ್ಲಿ ನಮಗೆ ಬೇಕಾದ ಮೂರು ವಿಷಯ ಇವೆ.

ಒಂದನೆಯದು, ದೊಡ್ಡ ಸಂಖ್ಯೆ ಕಟ್ಟುವ ವಿಧಾನ. ವರ್ಗಿತ-ಸಂವರ್ಗಿತ ಅಂತ ಹೆಸರು. ಒಂದು ಸಂಖ್ಯೆಯನ್ನು ಅಷ್ಟೇ ಸಲ ತನ್ನಿಂದಲೇ ಗುಣಿಸುವುದು. 2ನ್ನು ಹಾಗೆ ಮಾಡಿದರೆ 4. 4ನ್ನು ಮಾಡಿದರೆ 256. ಮೂರನೆಯ ಸಲಕ್ಕೆ 256ನ್ನು 256 ಸಲ ಗುಣಿಸಬೇಕು. ಅದು 617 ಅಂಕಿಗಳ ಸಂಖ್ಯೆ. ಮೂರೇ ಹೆಜ್ಜೆಗೆ ಇಲ್ಲಿಗೆ ಬಂದೆವು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದು ಅನ್ನೋ ಅರ್ಧಚ್ಛೇದವೂ ಅಲ್ಲಿದೆ. ಇವತ್ತಿನವರು ಅದನ್ನು ಎರಡರ ಆಧಾರದ ಲಾಗರಿದಮ್ ಅಂತಾರೆ.

ಎರಡನೆಯದು, ಅನಂತದ ಲಕ್ಷಣ. ಆದಾಯ ಇಲ್ಲದೆ ವ್ಯಯ ಆಗ್ತಾ ಇದ್ದರೂ ತೀರದೇ ಇರುವುದು ಅನಂತ ಎಂಬ ಅರ್ಥದ ವಿಚಾರ ಅಲ್ಲಿ ಬರುತ್ತೆ. ತೀರಿ ಹೋಗುವಂಥದ್ದನ್ನು ಅನಂತ ಎಂದರೆ ಅದು ಉಪಚಾರಕ್ಕೆ ಹೇಳಿದ ಮಾತು ಅಷ್ಟೇ. 1888ರಲ್ಲಿ ಡೆಡೆಕಿಂಡ್ ಕೊಟ್ಟ ಲಕ್ಷಣವನ್ನು ಪಕ್ಕದಲ್ಲಿಟ್ಟು ನೋಡಿ: ತನ್ನದೇ ಒಂದು ಭಾಗದ ಜೊತೆ ಉಳಿಕೆಯಿಲ್ಲದೆ ಜೋಡಿಸಬಹುದಾದ ಗಣ ಅನಂತ. ಒಂದು ತೆಗೆದರೂ ಕಡಿಮೆಯಾಗದ್ದು. ಎರಡೂ ಒಂದೇ ಅಲ್ಲ, ಆದರೆ ನೆರೆಮನೆಯವು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮಿಥ್ಯಾದೃಷ್ಟಿ ಜೀವರಾಶಿ ದೊಡ್ಡದೋ, ಕಳೆದುಹೋದ ಕಾಲದ ಸಮಯಗಳ ರಾಶಿ ದೊಡ್ಡದೋ ಅನ್ನೋ ಪ್ರಶ್ನೆ. ಎರಡೂ ಅನಂತ. ವೀರಸೇನ ಹೇಳುವ ಉಪಾಯ: ಒಂದು ಕಡೆ ಕಾಲದ ಸಮಯಗಳನ್ನು ಇಡು, ಇನ್ನೊಂದು ಕಡೆ ಜೀವಗಳನ್ನು ಇಡು, ಎರಡರಿಂದಲೂ ಒಂದೊಂದನ್ನೇ ತೆಗೆಯುತ್ತಾ ಹೋಗು. ಕಾಲ ತೀರುತ್ತದೆ, ಜೀವಗಳು ತೀರುವುದಿಲ್ಲ. ಆದ್ದರಿಂದ ಜೀವರಾಶಿ ದೊಡ್ಡದು. ನೋಡಿ, ಇದು ನಮ್ಮ ಚೀಲ-ಚೀಟಿಯ ಜೋಡಣೆಯೇ, ಅದನ್ನು ಅನಂತಕ್ಕೆ ಹಚ್ಚಿದ್ದಾನೆ. ಎಲ್ಲ ಅನಂತವೂ ಒಂದೇ ಅಳತೆಯದಲ್ಲ, ಹೋಲಿಸಬಹುದು, ಹೋಲಿಸುವ ದಾರಿ ಜೋಡಣೆ. ಒಂಬತ್ತನೆಯ ಶತಮಾನದಲ್ಲಿ ಹೀಗೆ ಯೋಚಿಸಿದ್ದು ಸಣ್ಣ ಮಾತಲ್ಲ.

ಎರಡು ಎಚ್ಚರಿಕೆ

ಹಾಗಂತ ಇಲ್ಲಿಗೇ ಚಪ್ಪಾಳೆ ತಟ್ಟಿ ಎದ್ದರೆ ಸಂಶೋಧನೆ ಆಗೋಲ್ಲ.

ಮೊದಲ ಎಚ್ಚರಿಕೆ ಕ್ಯಾಂಟರ್‌ನ ಷರತ್ತಿನದು. ವೀರಸೇನನ ವಾದದಲ್ಲಿ ಒಂದು ಜೋಡಣೆಯಲ್ಲಿ ಉಳಿಕೆ ಇದೆ. ಸಮಸಂಖ್ಯೆಯ ಉದಾಹರಣೆಯಲ್ಲಿ ನೋಡಿದೆವಲ್ಲ, ಒಂದು ಜೋಡಣೆಯ ಉಳಿಕೆಯಿಂದ ಹೆಚ್ಚು ಎಂದು ಸಾಧಿಸಲಾಗದು. ಹಾಗಾದರೆ ಗ್ರಂಥಕ್ಕೆ ಕೇಳಬೇಕಾದ ಪ್ರಶ್ನೆ: ಯಾವ ಕ್ರಮದಲ್ಲಿ ತೆಗೆದರೂ ಕಾಲವೇ ತೀರುತ್ತದೆ ಎಂಬ ಅರ್ಥ ಅಲ್ಲಿದೆಯೇ, ಅಥವಾ ಒಂದು ಕ್ರಮದ ಮಾತು ಮಾತ್ರವೇ? ಪೂರ್ವಪಕ್ಷ ಏನು, ಪರಿಹಾರ ಏನು? ಇದು ಸಾಲು ಸಾಲಾಗಿ ಓದಿ ಉತ್ತರಿಸಬೇಕಾದ ಪ್ರಶ್ನೆ. ಗಣಿತಜ್ಞರು ಒಬ್ಬರೇ ಇದನ್ನು ಮಾಡಲಾರರು. ಭಾಷೆ ಬಲ್ಲವರು ಬೇಕು.

ಎರಡನೆಯದು, ಪದಗಳನ್ನು ಆತುರದಿಂದ ಸಮೀಕರಿಸುವುದು. ಜೈನ ಗಣಿತದಲ್ಲಿ ಸಂಖ್ಯೆಗಳಿಗೆ 21 ವರ್ಗ: ಸಂಖ್ಯಾತದಲ್ಲಿ 3, ಅಸಂಖ್ಯಾತದಲ್ಲಿ 9, ಅನಂತದಲ್ಲಿ 9. ಅಸಂಖ್ಯಾತ ಅಂದ್ರೆ ಅಲೆಫ್ ಸೊನ್ನೆ ಅಂತ ಕೆಲವರು ಬರೆದುಬಿಡುತ್ತಾರೆ. ಆದರೆ ಅಸಂಖ್ಯಾತದ ಕನಿಷ್ಠ ಯಾವುದು? ಸಂಖ್ಯಾತದ ಗರಿಷ್ಠಕ್ಕೆ ಒಂದು ಕೂಡಿಸಿದರೆ ಬರುವುದು. ಆ ಗರಿಷ್ಠವನ್ನು ಜಂಬೂದ್ವೀಪದಷ್ಟು ಅಗಲದ ಗುಂಡಿಗಳಲ್ಲಿ ಸಾಸಿವೆ ತುಂಬಿ, ದ್ವೀಪ ಸಮುದ್ರಗಳಿಗೆ ಒಂದೊಂದೇ ಕಾಳು ಹಾಕುತ್ತಾ ಹೋಗುವ ಕ್ರಮದಿಂದ ವಿವರಿಸುತ್ತಾರೆ. ಕಲ್ಪನೆಗೆ ನಿಲುಕದಷ್ಟು ದೊಡ್ಡದು, ನಿಜ. ಆದರೂ ಇವತ್ತಿನ ಲೆಕ್ಕದಲ್ಲಿ ಅದು ಮುಗಿಯುವ ಸಂಖ್ಯೆಯೇ. ಅಂದ್ರೆ ಅಸಂಖ್ಯಾತ ಎಂಬ ಹೆಸರು ಶುರುವಾಗುವ ಜಾಗವೂ, ನಾವು ಅನಂತ ಅನ್ನುವುದು ಶುರುವಾಗುವ ಜಾಗವೂ ಒಂದೇ ಅಲ್ಲ.

ಈ ಎರಡು ಎಚ್ಚರಿಕೆಯಿಂದ ವೀರಸೇನ ಸಣ್ಣವನಾಗೋಲ್ಲ. ಅವನು ತನ್ನದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದ, ಕ್ಯಾಂಟರ್‌ನ ಪರೀಕ್ಷೆಗೆ ಕೂತಿರಲಿಲ್ಲ.

1963ರ ನಂತರ

ಇನ್ನು ಆಧುನಿಕ ಕಥೆ. ಗಣಸಿದ್ಧಾಂತಕ್ಕೆ ಒಪ್ಪಿತವಾದ ಒಂದಷ್ಟು ಮೂಲ ನಿಯಮಗಳಿವೆ, ಜೆಡ್‌ಎಫ್‌ಸಿ ಅಂತ ಕರೀತಾರೆ. ಆ ನಿಯಮಗಳಿಂದ ಸಾತತ್ಯದ ಊಹೆಯನ್ನು ಸುಳ್ಳೆಂದು ಸಾಧಿಸಲಾಗದು ಎಂದು ಕರ್ಟ್ ಗೋಡೆಲ್ 1938ರಲ್ಲಿ ತೋರಿಸಿದ. ಅದೇ ನಿಯಮಗಳಿಂದ ಅದನ್ನು ನಿಜವೆಂದೂ ಸಾಧಿಸಲಾಗದು ಎಂದು ಪಾಲ್ ಕೋಹೆನ್ 1963ರಲ್ಲಿ ತೋರಿಸಿದ. ಇದಕ್ಕಾಗಿ 1966ರಲ್ಲಿ ಅವನಿಗೆ ಫೀಲ್ಡ್ಸ್ ಪದಕ ಬಂತು.

ಕೋಹೆನ್‌ನ ವಿಧಾನಕ್ಕೆ ಫೋರ್ಸಿಂಗ್ ಅಂತ ಹೆಸರು. ಗಣಗಳ ಒಂದು ಲೋಕವನ್ನು ತೆಗೆದುಕೊಂಡು, ಅದರಲ್ಲಿಲ್ಲದ ಹೊಸ ಗುರು-ಲಘು ಸಾಲುಗಳನ್ನು ಜಾಗರೂಕತೆಯಿಂದ ಸೇರಿಸಿ, ಹೆಚ್ಚು ಅಗಲದ ಲೋಕ ಕಟ್ಟುವುದು. ಹೊಸ ಲೋಕದಲ್ಲೂ ಎಲ್ಲ ನಿಯಮಗಳು ನಡೆಯುತ್ತವೆ. ಆದರೆ ಸಾಲುಗಳ ಅನಂತ ಈಗ ಅಲೆಫ್ ಎರಡರ ಮೆಟ್ಟಿಲಿಗೆ ಏರಿರಬಹುದು, ಇನ್ನೂ ಮೇಲಕ್ಕೂ ಏರಿರಬಹುದು. ಇದಕ್ಕಿಂತ ಆಶ್ಚರ್ಯದ ಸಂಗತಿ ಒಂದಿದೆ. ಹಳೆಯ ಲೋಕದಲ್ಲಿ ಯಾವ ರೀತಿಯಲ್ಲೂ ಜೋಡಿಸಲಾಗದ ಎರಡು ಗಣಗಳಿಗೆ ಹೊಸ ಲೋಕದಲ್ಲಿ ಜೋಡಿ ಸಿಕ್ಕಿಬಿಡಬಹುದು. ಹಳೆಯ ಲೋಕದ ಅಷ್ಟೂ ಸಾಲುಗಳನ್ನು ಹೊಸ ಲೋಕದವನು 1, 2, 3 ಎಂದು ಪಟ್ಟಿ ಮಾಡಬಲ್ಲ! ಆದರೆ ಅವನ ಲೋಕಕ್ಕೆ ಅವನದೇ ಹೊಸ ಸಾಲುಗಳಿರುತ್ತವೆ, ಅವನ್ನು ಪಟ್ಟಿ ಮಾಡೋಕೆ ಅವನಿಗೂ ಆಗೋಲ್ಲ. ಅಂದ್ರೆ ಜೋಡಿ ಇದೆಯೋ ಇಲ್ಲವೋ ಅನ್ನೋದು ನಾವು ಯಾವ ಲೋಕದಲ್ಲಿ ನಿಂತು ಕೇಳುತ್ತೇವೆ ಅನ್ನೋದರ ಮೇಲೆ ನಿಂತಿದೆ.

ಮುಂದಿನ ಸಂಶೋಧನೆ ಇಲ್ಲಿಂದ ಕವಲೊಡೆಯುತ್ತೆ. ಮುಖ್ಯವಾದ ನಾಲ್ಕು ಕವಲು ಹೇಳ್ತೀನಿ.

ಮೊದಲನೆಯದು, ನಿಜವಾದ ಲೋಕ ಒಂದೇ, ಅದನ್ನು ಗುರುತಿಸಲು ಹೊಸ ನಿಯಮ ಬೇಕು ಅನ್ನುವವರದು. ಹ್ಯೂ ವುಡಿನ್ ಇದರ ದೊಡ್ಡ ಹೆಸರು. ಸಾತತ್ಯದ ಊಹೆ ಸುಳ್ಳು ಎಂಬ ಕಡೆಗೆ ಮೊದಲು ವಾದಿಸಿದ್ದ ಅವರು, ಆಮೇಲೆ ಅಲ್ಟಿಮೇಟ್ ಎಲ್ ಎಂಬ ಯೋಜನೆ ಹಿಡಿದು ಅದು ನಿಜ ಎಂಬ ಕಡೆಗೆ ತಿರುಗಿದರು. ಆ ಯೋಜನೆ ಫಲಿಸಿದರೆ ಗಣಗಳ ಲೋಕ ಕೆಳಗಿನಿಂದ ಮೇಲಿನವರೆಗೆ ಅಚ್ಚುಕಟ್ಟಾಗಿ ಕಟ್ಟಿದ ಮನೆಯಂತೆ ಕಾಣುತ್ತದೆ.

ಎರಡನೆಯದು, ಸಾಧ್ಯವಾದಷ್ಟು ವಿಶಾಲವಾದ ಲೋಕ ಬೇಕು ಅನ್ನುವವರದು. ಫೋರ್‌ಮನ್, ಮಗಿಡೋರ್, ಶೆಲಾ 1988ರಲ್ಲಿ ಪ್ರಕಟಿಸಿದ 'ಮಾರ್ಟಿನ್ಸ್ ಮ್ಯಾಕ್ಸಿಮಮ್' ನಿಯಮ ಈ ಕಡೆಯದು. ಅದರ ಪ್ರಕಾರ ಸಾಲುಗಳ ಅನಂತ ಅಲೆಫ್ ಎರಡು, ಅಂದ್ರೆ ಊಹೆ ಸುಳ್ಳು. 2021ರಲ್ಲಿ ಅಸ್ಪೆರೊ ಮತ್ತು ಶಿಂಡ್ಲರ್ ಒಂದು ದೊಡ್ಡ ಫಲಿತಾಂಶ ಪ್ರಕಟಿಸಿದರು. ಬೇರೆ ಬೇರೆ ದಿಕ್ಕಿನಿಂದ ಹುಟ್ಟಿದ ಎರಡು ನಿಯಮಗಳಲ್ಲಿ ಒಂದರ ಬಲವಾದ ರೂಪದಿಂದ ಇನ್ನೊಂದು ತಾನಾಗಿ ಬರುತ್ತದೆ ಎಂಬುದೇ ಅದು. ಎರಡು ದಾರಿ ಒಂದೇ ಊರಿಗೆ ಸೇರಿದರೆ ಆ ಊರಿನ ಮೇಲೆ ನಂಬಿಕೆ ಹೆಚ್ಚುತ್ತದೆ, ಅಲ್ವಾ?

ಮೂರನೆಯದು, ಜೋಯಲ್ ಹ್ಯಾಮ್ಕಿನ್ಸ್ 2012ರಲ್ಲಿ ಮಂಡಿಸಿದ ಬಹುಲೋಕ ವಾದ. ಒಂದೇ ನಿಜಲೋಕ ಅನ್ನೋದೇ ತಪ್ಪು ನಿರೀಕ್ಷೆ. ಊಹೆ ಯಾವ ಲೋಕಗಳಲ್ಲಿ ನಿಲ್ಲುತ್ತೆ, ಯಾವುದರಲ್ಲಿ ಬೀಳುತ್ತೆ ಅನ್ನೋದು ನಮಗೆ ಚೆನ್ನಾಗಿ ಗೊತ್ತು, ಆ ತಿಳಿವಳಿಕೆಯೇ ಉತ್ತರ ಅಂತಾರೆ ಅವರು. ನಮ್ಮಲ್ಲಿ ಅನೇಕಾಂತವಾದ ಓದಿದವರಿಗೆ ಇದು ಪರಿಚಿತ ಧ್ವನಿ ಅನ್ನಿಸಬಹುದು. ಆದರೆ ಹೋಲಿಕೆಯನ್ನು ಹೋಲಿಕೆಯಾಗಿಯೇ ಇಡೋಣ.

ನಾಲ್ಕನೆಯದು ಮಹಾ ಅನಂತಗಳ ಅಧ್ಯಯನ, ಲಾರ್ಜ್ ಕಾರ್ಡಿನಲ್ ಅಂತಾರೆ. ಒಪ್ಪಿತ ನಿಯಮಗಳಿಂದ ಇವೆ ಎಂದು ಸಾಧಿಸಲಾಗದಷ್ಟು ದೊಡ್ಡ ಅನಂತಗಳು. 2024ರಲ್ಲಿ ಅಗಿಲೆರಾ, ಬಗಾರಿಯಾ, ಲೂಕೆ ಎಂಬ ಮೂವರು ಎಕ್ಸಾಕ್ಟಿಂಗ್ ಕಾರ್ಡಿನಲ್ ಎಂಬ ಹೊಸ ಬಗೆಯನ್ನು ಮುಂದಿಟ್ಟರು. ಸಾಹಿತ್ಯದವರಿಗೆ ಇದು ಕುತೂಹಲದ್ದು. ಯಾಕೆಂದರೆ ಪ್ರಶ್ನೆ ಇರೋದು ಗಣಗಳ ಲೋಕದಲ್ಲಿ ವಿವರಣೆಗೆ ಸಿಗುವ ಭಾಗ ಎಷ್ಟು ಅನ್ನೋದರ ಮೇಲೆ. ಬಹುಪಾಲು ಸಿಗುತ್ತದೆ ಅನ್ನೋದು ವುಡಿನ್ ಅವರ ನಿರೀಕ್ಷೆ. ಈ ಹೊಸ ಅನಂತಗಳು ಇನ್ನೊಂದು ಬಗೆಯ ದೊಡ್ಡ ಅನಂತದ ಮೇಲೆ ವಿರೋಧವಿಲ್ಲದೆ ನಿಲ್ಲುವುದಾದರೆ ಆ ನಿರೀಕ್ಷೆ ಬೀಳುತ್ತದೆ, ಲೋಕದ ದೊಡ್ಡ ಪಾಲು ಮಾತಿಗೆ ಸಿಗದೆ ಉಳಿಯುತ್ತದೆ.

ಇವುಗಳ ಪಕ್ಕದಲ್ಲಿ ಕಂಪ್ಯೂಟರ್ ಕೂಡ ಬಂದಿದೆ. ಸಾತತ್ಯದ ಊಹೆ ಸ್ವತಂತ್ರ ಅನ್ನೋದರ ಪೂರ್ತಿ ಸಾಧನೆಯನ್ನು ಜೆಸ್ಸಿ ಹಾನ್ ಮತ್ತು ಫ್ಲೋರಿಸ್ ವಾನ್ ಡೋರ್ನ್ 2020ರ ಹೊತ್ತಿಗೆ ಲೀನ್ ಎಂಬ ತಂತ್ರಾಂಶದಲ್ಲಿ ಬರೆದು, ಹೆಜ್ಜೆ ಹೆಜ್ಜೆಯನ್ನೂ ಯಂತ್ರದಿಂದ ಪರಿಶೀಲಿಸಿದರು.

ಸ್ವಯಂಸಿದ್ಧವೋ, ಪ್ರತಿಜ್ಞೆಯೋ?

ಈ ಎಲ್ಲ ಕವಲುಗಳ ಅಡಿಯಲ್ಲಿ ಒಂದು ಪ್ರಶ್ನೆ ಇದೆ: ಹೊಸ ನಿಯಮವನ್ನು ಯಾವ ಆಧಾರದ ಮೇಲೆ ಒಪ್ಪಬೇಕು? ಶಾಲೆಯ ರೇಖಾಗಣಿತದಲ್ಲಿ ಎರಡು ಪದ ಕಲಿತಿದ್ದೇವೆ, ಸ್ವಯಂಸಿದ್ಧ ಮತ್ತು ಆಧಾರ ಪ್ರತಿಜ್ಞೆ. ಸ್ವಯಂಸಿದ್ಧ ಅಂದ್ರೆ ನೋಡಿದ ಕೂಡಲೇ ನಿಜ ಅನ್ನಿಸುವಂಥದ್ದು. ಮಾರ್ಟಿನ್ಸ್ ಮ್ಯಾಕ್ಸಿಮಮ್ ನೋಡಿದ ಕೂಡಲೇ ಯಾರಿಗೂ ನಿಜ ಅನ್ನಿಸೋಲ್ಲ, ಅರ್ಥ ಮಾಡಿಕೊಳ್ಳೋಕೇ ವರ್ಷಗಳು ಬೇಕು. ಗೋಡೆಲ್ 1947ರ ಪ್ರಬಂಧದಲ್ಲಿ ಇನ್ನೊಂದು ದಾರಿ ಸೂಚಿಸಿದ್ದ. ಒಂದು ನಿಯಮ ತಾನಾಗಿ ಹೊಳೆಯದಿದ್ದರೂ, ಅದರಿಂದ ಬರುವ ಫಲ ಸಮೃದ್ಧವಾಗಿದ್ದರೆ, ಚದುರಿದ ವಿಷಯಗಳನ್ನು ಒಂದು ಮಾಡಿದರೆ, ಅದನ್ನು ಒಪ್ಪಲು ಕಾರಣ ಇದೆ. ಆ ಅರ್ಥದಲ್ಲಿ ಇವತ್ತಿನ ನಿಯಮಗಳಿಗೆ ಸ್ವಯಂಸಿದ್ಧ ಎಂಬ ಹೆಸರು ಹೊಂದೋಲ್ಲ, ಪ್ರತಿಜ್ಞೆ ಎಂಬುದೇ ಹತ್ತಿರ. "ಇದನ್ನು ಹಿಡಿದು ನಡೆಯುತ್ತೇನೆ, ಎಲ್ಲಿಗೆ ಕರೆದೊಯ್ಯುತ್ತದೋ ನೋಡುತ್ತೇನೆ" ಎಂಬ ಮಾತು ಅದು. ಕನ್ನಡದಲ್ಲಿ ಗಣಸಿದ್ಧಾಂತ ಬರೆಯುವವರು ಈ ಪದ ಆರಿಸುವಾಗ ಯೋಚಿಸಬೇಕು. ತಪ್ಪು ಪದ ಆರಿಸಿದರೆ ಇಡೀ ಶಾಸ್ತ್ರದ ಸ್ವರೂಪವೇ ವಿದ್ಯಾರ್ಥಿಗೆ ತಪ್ಪಾಗಿ ತಿಳಿಯುತ್ತೆ.

ಕನ್ನಡದವರ ಕೆಲಸ

ಹಾಗಾದರೆ ನಮ್ಮ ಪಾಲು ಏನು? ಫೋರ್ಸಿಂಗ್ ಮಾಡುವುದು ನಮ್ಮಿಂದ ಆಗದು. ಆದರೆ ನಮ್ಮಿಂದ ಮಾತ್ರ ಆಗುವ ಕೆಲಸ ಇದೆ.

ಗಂಗರ ಮಂತ್ರಿ ಚಾವುಂಡರಾಯನ ಕಾಲದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ 'ಗೊಮ್ಮಟಸಾರ', 'ತ್ರಿಲೋಕಸಾರ' ಬರೆದ. ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿ ಬರೆದ ಟೀಕೆ ಕನ್ನಡದಲ್ಲಿದೆ. ಸಂಸ್ಕೃತದ ಒಂದು ಟೀಕೆ ಬಂದದ್ದು ಈ ಕನ್ನಡ ಟೀಕೆಯನ್ನು ಅನುಸರಿಸಿ. ಅಂದ್ರೆ ಅನಂತಗಳ ಅಳತೆ, ಹೋಲಿಕೆ, ಸಂಕೇತಗಳಿಂದ ತುಂಬಿದ ಒಂದು ದೊಡ್ಡ ಗ್ರಂಥ ನಮ್ಮ ಭಾಷೆಯಲ್ಲೇ ಇದೆ, ಭಾರತೀಯ ಜ್ಞಾನಪೀಠ ಅದನ್ನು ಮುದ್ರಿಸಿಯೂ ಇದೆ. ನಮ್ಮ ವಿಭಾಗಗಳಲ್ಲಿ ನಾವು ಪಂಪ, ರನ್ನ, ಜನ್ನ ಓದುತ್ತೇವೆ. ಶಾಸ್ತ್ರ ಗ್ರಂಥ ಅಂದ ಕೂಡಲೇ ವ್ಯಾಕರಣ, ಛಂದಸ್ಸು, ಅಲಂಕಾರಕ್ಕೆ ನಿಲ್ಲುತ್ತೇವೆ. ಕೇಶವವರ್ಣಿಯ ಗದ್ಯವನ್ನು ಗದ್ಯವಾಗಿಯೂ ಓದೋಲ್ಲ, ಗಣಿತವಾಗಿಯೂ ಓದೋಲ್ಲ.

ಓದಬಹುದು ಅನ್ನೋದಕ್ಕೆ ಮಾದರಿ ಇದೆ. ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ ಅವರು ಗಣಿತಸಾರಸಂಗ್ರಹಕ್ಕೆ ಕನ್ನಡ ಅನುವಾದ, ಟಿಪ್ಪಣಿ ಬರೆದರು, ಅದು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಅನಂತದ ವಿಷಯದಲ್ಲಿ ಕೇಶವವರ್ಣಿಗೆ ಅಂಥದೇ ಕೆಲಸ ಆಗಬೇಕು. ಒಬ್ಬರು ಗಣಸಿದ್ಧಾಂತ ಬಲ್ಲವರು, ಒಬ್ಬರು ಹಳಗನ್ನಡ ಬಲ್ಲವರು, ಒಬ್ಬರು ಪ್ರಾಕೃತ ಬಲ್ಲವರು ಒಂದೇ ಮೇಜಿಗೆ ಕೂರಬೇಕು. ಮೊದಲ ಪ್ರಶ್ನೆ ಆಗಲೇ ಹೇಳಿದ್ದೇನೆ: ಒಂದೊಂದೇ ತೆಗೆಯುವ ಆ ಜೋಡಣೆಗೆ ಟೀಕಾಕಾರರು ಯಾವ ಷರತ್ತು ಹಾಕಿದ್ದಾರೆ?

ಇದು ನಮಗೆ ದೂರದ ಮಾತೂ ಅಲ್ಲ. ವಯನಾಡಿನಲ್ಲಿ ಕನ್ನಡನಾಡಿನಿಂದ ಬಂದು ನೆಲೆಸಿದ ಜೈನ ಕುಟುಂಬಗಳಿವೆ. ಸುಲ್ತಾನ್ ಬತ್ತೇರಿಗೆ ಒಂದು ಕಾಲಕ್ಕೆ ಹನ್ನೆರಡು ಬೀದಿ ಎಂಬ ಕನ್ನಡ ಹೆಸರಿತ್ತು ಅಂತ ಇಲ್ಲಿಯ ಇತಿಹಾಸ ಹೇಳುತ್ತೆ. ಕಲ್ಪೆಟ್ಟದ ಹತ್ತಿರ ಪುಳಿಯಾರ್‌ಮಲೆಯಲ್ಲಿರುವ ಬಸದಿ ಅನಂತನಾಥ ಸ್ವಾಮಿಯದು. ಅನಂತ ಎಂಬ ಪದ ಇಲ್ಲಿ ದಿನನಿತ್ಯದ ಪೂಜೆಯಲ್ಲಿದೆ. ಅದು ಒಂದು ಕಾಲಕ್ಕೆ ಅಳೆಯುವ, ವಾದಿಸುವ, ಸಾಧಿಸುವ ಪದವೂ ಆಗಿತ್ತು ಅನ್ನೋದನ್ನು ತೋರಿಸೋ ಹೊಣೆ ಭಾಷೆ ಓದುವವರದು.

ಚರ್ಚೆ

ಪ್ರಶ್ನೆ: ಗಣ ಬಿಟ್ಟು ರಾಶಿ ಅನ್ನೋ ಪದವನ್ನೇ ಮತ್ತೆ ತರಬಹುದಲ್ವಾ?

ಉತ್ತರ: ಬೇಡ ಅನ್ನಿಸುತ್ತೆ. ಗಣ ಈಗ ಶಾಲೆಗೆ ಇಳಿದಿದೆ, ಅಕ್ಕಪಕ್ಕದ ಭಾಷೆಯಲ್ಲೂ ಇದೆ. ಅದೂ ಅಲ್ಲದೆ ರಾಶಿಯಲ್ಲಿ ಪ್ರಮಾಣದ ಅರ್ಥ ಬಲವಾಗಿದೆ. ಶೂನ್ಯಗಣ ಅನ್ನಬಹುದು, ಶೂನ್ಯರಾಶಿ ಅಂದರೆ ಕಣ ಖಾಲಿ ಅನ್ನಿಸುತ್ತೆ. ಹಳೆಯ ಗ್ರಂಥ ಓದುವಾಗ ರಾಶಿಯನ್ನು ರಾಶಿ ಅಂತಲೇ ಉಳಿಸಿಕೊಳ್ಳೋಣ. ಗಣ ಅಂತ ಅನುವಾದಿಸಿದ ಕೂಡಲೇ ಕ್ಯಾಂಟರ್‌ನನ್ನು ಕದ್ದು ಒಳಗೆ ತಂದಂತೆ ಆಗುತ್ತೆ.

ಪ್ರಶ್ನೆ: ವೀರಸೇನನಲ್ಲಿ ಕ್ಯಾಂಟರ್‌ನ ಷರತ್ತು ಇಲ್ಲ ಅಂತ ಸಾಬೀತಾದರೆ ಇಷ್ಟು ಶ್ರಮ ವ್ಯರ್ಥ ಅಲ್ವಾ?

ಉತ್ತರ: ಇಲ್ಲ ಸರ್. ಆಗ ಅವನು ಬೇರೆ ಯಾವ ಷರತ್ತಿನ ಮೇಲೆ ಎರಡು ಅನಂತಗಳನ್ನು ಹೋಲಿಸಿದ ಅನ್ನೋದು ತಿಳಿಯುತ್ತೆ. ಭಾಗ ಯಾವಾಗಲೂ ಇಡಿಗಿಂತ ಚಿಕ್ಕದೇ ಆಗಿರಬೇಕು ಅನ್ನೋ ನಿಯಮ ಹಿಡಿದು ಅನಂತವನ್ನು ಅಳೆಯುವ ಪ್ರಯತ್ನಗಳು ಇವತ್ತಿಗೂ ಗಣಿತದಲ್ಲಿ ನಡೆದಿವೆ. ವೀರಸೇನನ ದಾರಿ ಆ ಕಡೆಯದು ಅಂತ ತಿಳಿದರೂ ಅದು ಲಾಭವೇ. ಸಿಕ್ಕ ಉತ್ತರ ನಮಗೆ ಬೇಕಾದದ್ದಲ್ಲ ಅಂತ ಗ್ರಂಥ ಮುಚ್ಚುವುದಾದರೆ ಅದನ್ನು ತೆರೆಯುವ ಅಗತ್ಯವೇ ಇರಲಿಲ್ಲ.